ಸಂಜೆಯಾಗದ ಮನೆ

ಠಾಣೆಯ ನಮ್ಮ ಫ್ಲ್ಯಾಟಿಗೆ ಅಮ್ಮ ಬಂದು ನಾಲ್ಕು ದಿನವಾಗಿತ್ತು. ತೀರ್ಥಹಳ್ಳಿ ಕಡೆಯವಳು. ದೇವರ ಮುಂದೆ ದೀಪ ಹಚ್ಚುವುದಕ್ಕೆ ಅವತ್ತೂ ತಡವಾಗಿ, ಗಡಿಯಾರ ನೋಡಿ ಗಡಿಬಿಡಿಯಿಂದ ಎದ್ದವಳು, “ನಿಮ್ಮನೇಲಿ ಸಂಜೇನೇ ಆಗೋದಿಲ್ವಲ್ಲೇ ಮಾರಾಯ್ತಿ” ಅಂದಳು.

ನನಗೆ ಸಿಟ್ಟು ಬಂತು. ಆ ದೀಪಗಳಿಗೆ ನಾವು ಸುರಿದ ದುಡ್ಡು ಅವಳಿಗೇನು ಗೊತ್ತು? ಹಾಲಿಗೆ ಪಿಓಪಿಯ ಫಾಲ್ಸ್ ಸೀಲಿಂಗ್, ಅದರಲ್ಲಿ ಹನ್ನೆರಡು ದುಂಡನೆಯ ಎಲ್‌ಇಡಿ, ಅಂಚಿನಲ್ಲಿ ಕಾಣದ ಹಾಗೆ ಸುತ್ತಲೂ ಓಡುವ ಪಟ್ಟಿ ದೀಪ, ಟೀವಿಯ ಹಿಂದೆ ಒಂದು ನೀಲಿ. ಇಂಟೀರಿಯರ್ ಮಾಡಿಕೊಟ್ಟ ಹುಡುಗ ಇದಕ್ಕೆಲ್ಲ ಸೇರಿಸಿ ‘ಆಂಬಿಯೆನ್ಸ್’ ಅಂದಿದ್ದ. ಗೃಹಪ್ರವೇಶಕ್ಕೆ ಬಂದವರೂ ಬಾಯಿ ತೆರೆದು ನೋಡಿದ್ದರು. ಆ ಹೊಗಳಿಕೆಯ ಅಮಲು ಒಂದು ತಿಂಗಳಿತ್ತು ಅನ್ನಿ.

ಸಿಟ್ಟು ಇಳಿದ ಮೇಲೆ ಮನೆಯನ್ನು ಅಮ್ಮನ ಕಣ್ಣಿನಿಂದ ನೋಡತೊಡಗಿದೆ. ನಮ್ಮ ಹಾಲಿನ ಕಿಟಕಿಗೆ ಎದುರಾಗಿರುವುದು ಪಕ್ಕದ ವಿಂಗಿನ ಗೋಡೆ. ಬೆಳಗಿನ ಹನ್ನೊಂದಕ್ಕೇ ಸ್ವಿಚ್ ಒತ್ತಬೇಕು. ಒತ್ತಿದ ಮೇಲೆ ರಾತ್ರಿ ಮಲಗುವವರೆಗೂ ಅದೇ ಬೆಳಕು, ಅದೇ ಬಣ್ಣ, ಅದೇ ಎತ್ತರದಿಂದ. ಹೊರಗೆ ಸೂರ್ಯ ಮುಳುಗಿದ್ದು ಒಳಗಿದ್ದವರಿಗೆ ತಿಳಿಯುವುದಾದರೂ ಹೇಗೆ? ಊರಿನಲ್ಲಿ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ಚೌಕ ನಡುಮನೆಯ ನೆಲದಲ್ಲಿ ಸರಿಯುತ್ತಾ ಹೋಗಿ ಗೋಡೆ ಹತ್ತುತ್ತಿತ್ತು. ಅಮ್ಮನ ಗಡಿಯಾರ ಅದು. ನಮ್ಮ ಮನೆಯಲ್ಲಿ ಅವಳ ಗಡಿಯಾರ ನಿಂತುಹೋಗಿತ್ತು.

ಆ ಹುಡುಗನ ಕೆಲಸದ ತಪ್ಪು ಎಲ್ಲಿದೆ ಅಂತ ಹುಡುಕಿದೆ. ಬೆಳಕಿನ ಬಣ್ಣಕ್ಕೆ ಕೆಲ್ವಿನ್ ಎಂಬ ಅಳತೆಯಿದೆ. ಹಳೆಯ ಬುರುಡೆ ಬಲ್ಬು ಸುಮಾರು 2700, ಹಳದಿ. ನಮ್ಮ ಅಂಗಡಿಗಳಲ್ಲಿ ಏನೂ ಕೇಳದೆ ‘ಒಂದು ಬಲ್ಬ್ ಕೊಡಿ’ ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ 6500ರದ್ದು, ಮಟಮಟ ಮಧ್ಯಾಹ್ನದ ಬಿಳುಪು. ನಮ್ಮ ಹನ್ನೆರಡೂ ಅದೇ ಜಾತಿ. ಎಲ್ಲಕ್ಕೂ ಒಂದೇ ಸ್ವಿಚ್ಚು. ನೆಲಕ್ಕೆ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದರಿಂದ ಹನ್ನೆರಡು ಇಪ್ಪತ್ತನಾಲ್ಕಾಗಿ ಕೆಳಗಿನಿಂದಲೂ ಕಣ್ಣಿಗೆ ಚುಚ್ಚುತ್ತವೆ. ತಲೆಯ ಮೇಲಿಂದಲೇ ಬೀಳುವ ಬೆಳಕಿಗೆ ಎಂಥವರ ಕಣ್ಣಡಿಯೂ ಕಪ್ಪಾಗಿ, ಮನೆಗೆ ಬಂದವರೆಲ್ಲ ರಾತ್ರಿಪಾಳಿ ಮುಗಿಸಿ ಬಂದವರ ಹಾಗೆ ಕಾಣುತ್ತಾರೆ. ಇಷ್ಟು ಬೆಳಕಿದ್ದೂ ಅಡುಗೆಮನೆಯಲ್ಲಿ ಮಾತ್ರ ಕತ್ತಲೆ! ಅಲ್ಲಿನ ದೀಪ ಇರುವುದು ಮಾಳಿಗೆಯ ನಡುಮಧ್ಯೆ, ಕಟ್ಟೆಯ ಮುಂದೆ ನಿಂತವರ ಬೆನ್ನ ಹಿಂದೆ. ಈಳಿಗೆಮಣೆ ಬಿಟ್ಟು ಚಾಕು ಹಿಡಿದ ಮೇಲೆ ನಾನು ದಿನಾ ನನ್ನ ನೆರಳನ್ನೇ ಹೆಚ್ಚುತ್ತಿದ್ದೇನೆ. ಆ ಹುಡುಗ ಯಾವತ್ತೂ ಬೀನ್ಸ್ ಹೆಚ್ಚಿದವನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳಕಿನಿಂದ ಜನರನ್ನು ಕೂರಿಸುವುದು, ಏಳಿಸುವುದು ಗೊತ್ತಿರುವವರು ಈ ಊರಿನಲ್ಲಿ ಇಲ್ಲವೆಂದಲ್ಲ. ನಮ್ಮ ಕರಾವಳಿಯವರಿಗೇ ಗೊತ್ತು. ಮಾಟುಂಗಾದ ಉಡುಪಿ ಹೋಟೆಲಿಗೆ ಹೋಗಿ. ಮೂಲೆ ಮೂಲೆಗೂ ಬಿಳಿ ಬೆಳಕು. ತಟ್ಟೆ ಸ್ವಚ್ಛ, ಮೇಜು ಸ್ವಚ್ಛ, ಕಾಫಿ ಮುಗಿದದ್ದೂ ಸ್ವಚ್ಛವಾಗಿ ಕಾಣಬೇಕು. ತಿಂದವರು ಏಳಬೇಕು, ಬಾಗಿಲಲ್ಲಿ ಕಾದವರು ಕೂರಬೇಕು. ಅದೇ ಕರಾವಳಿಯವರು ಬೇರೆ ಬಡಾವಣೆಯಲ್ಲಿ ಪರ್ಮಿಟ್ ರೂಮ್ ನಡೆಸುವಾಗ ನೋಡಿ. ಪಕ್ಕದ ಮೇಜಿನವರ ಮುಖ ಕಾಣದಷ್ಟು ಮಬ್ಬು. ಗಂಟೆ ಎಷ್ಟಾಯಿತೆಂದು ಯಾರಿಗೂ ತಿಳಿಯಬಾರದು. ನಮ್ಮವರ ಜೊತೆ ಊಟಕ್ಕೆ ಹೋಗಿದ್ದಾಗ ಮೆನು ಓದಲು ಮೊಬೈಲಿನ ಟಾರ್ಚ್ ಹಾಕಬೇಕಾಯಿತು. ಎರಡೂ ಕಡೆ ಬೆಳಕಿಗೊಂದು ಉದ್ದೇಶವಿದೆ. ನನ್ನ ಹಾಲಿನ ಬೆಳಕಿಗೆ ಇರುವ ಉದ್ದೇಶ ಒಂದೇ: ಫೋಟೋ.

ನೆರಳಿನ ಬಗ್ಗೆ ಮಾತಾಡುವವರು ಕೊನೆಗೆ ಹೋಗಿ ನಿಲ್ಲುವುದು ಜಪಾನಿನ ಕಾದಂಬರಿಕಾರ ಜುನಿಚಿರೊ ತಾನಿಝಾಕಿಯ ಹತ್ತಿರ. 1933ರಲ್ಲಿ ಆತ ಪ್ರಕಟಿಸತೊಡಗಿದ, ನೆರಳನ್ನು ಹೊಗಳುವ ನೀಳ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಓದಿದೆ, ಲೋಕಲ್ ಟ್ರೈನಿನಲ್ಲಿ. ಅರಗು ಬಳಿದ ಬಟ್ಟಲೂ ಚಿನ್ನದ ಕುಸುರಿಯೂ ವಿದ್ಯುತ್ತಿನಲ್ಲಿ ಒಡ್ಡೊಡ್ಡಾಗಿ ಕಾಣುತ್ತವೆ, ಮೇಣದಬತ್ತಿಯಲ್ಲಿ ಜೀವ ತಳೆಯುತ್ತವೆ ಅನ್ನುತ್ತಾನೆ. ನಿಜ. ನಂದಾದೀಪದ ಗರ್ಭಗುಡಿಯಲ್ಲಿ ಮಿನುಗುವ ಮುಖವಾಡಕ್ಕೆ ಫೋಕಸ್ ಲೈಟ್ ಬಿಟ್ಟಾಗ ಏನಾಗುತ್ತದೆಂದು ಊರಿನಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಹಳೇ ಕಾಲದ ಹೆಂಗಸರು ಒಳಮನೆಯ ಕತ್ತಲಲ್ಲಿ ಬದುಕಿ, ಬೆಳ್ಳನೆ ಮುಖವಷ್ಟೇ ಕಾಣುತ್ತಿದ್ದುದನ್ನೂ ಆತ ಚೆಲುವಿನ ಲೆಕ್ಕಕ್ಕೇ ಸೇರಿಸುತ್ತಾನೆ. ಅಲ್ಲಿ ನಾನು ಪುಸ್ತಕ ಮುಚ್ಚಿದೆ.

ಅಮ್ಮನಿಗೆ ಇದನ್ನು ಹೇಳಿದರೆ ನಕ್ಕಳು. “ಕತ್ತಲೆ ಚೆಂದ ಅಂದವನು ಜಗಲೀಲಿ ಕೂತವನೇ ಇರಬೇಕು. ಒಳಗಿದ್ದೋರನ್ನ ಕೇಳು.” ಬುಡ್ಡಿ ದೀಪದಲ್ಲಿ ಹದಿನೈದು ಜನಕ್ಕೆ ಬೇಯಿಸಿದವಳು, ಸೌದೆ ಎಳೆಯುವಾಗ ಚೇಳು ಕುಟುಕಿಸಿಕೊಂಡವಳು. ಸುಗ್ಗಿಯಲ್ಲಿ ಒಂದೇ ಲಾಟೀನಿನ ಸುತ್ತ ಎಲ್ಲರೂ ಕೂತು ಕಥೆ ಹೇಳುತ್ತಾ ಅಡಿಕೆ ಸುಲಿಯುತ್ತಿದ್ದುದು ನನಗೆ ಸವಿನೆನಪು. “ಸೀಮೆಎಣ್ಣೆ ಎಲ್ಲಿತ್ತೇ ಎರಡನೇ ಲಾಟೀನಿಗೆ?” ಎಂದು ಅವಳು ಅದನ್ನೂ ಮುಗಿಸಿದಳು.

ತಾನಿಝಾಕಿಯ ಪುಸ್ತಕ ಮತ್ತೆ ತೆರೆದೆ. ಇಂಗ್ಲಿಷ್ ಅನುವಾದದ ಹಿನ್ನುಡಿಯಲ್ಲಿ ಅವನ ಹೆಂಡತಿ ಹೇಳಿದ ಪ್ರಸಂಗವಿದೆ: ಹೊಸ ಮನೆ ಕಟ್ಟಿಸುವಾಗ ವಾಸ್ತುಶಿಲ್ಪಿ, ನಿಮ್ಮ ಪ್ರಬಂಧ ಓದಿದ್ದೇನೆ, ನಿಮಗೆ ಬೇಕಾದದ್ದು ಗೊತ್ತು ಎಂದನಂತೆ. ಅಂಥ ಮನೆಯಲ್ಲಿ ನಾನು ಇರಲಾರೆ ಎಂದನಂತೆ ಈತ. ನನಗೆ ಅವನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿದ್ದು ಆಗಲೇ.

ಕಣ್ಣಿನ ಲೆಕ್ಕವೂ ಅಮ್ಮನ ಕಡೆಗೇ ಇದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ರೆಟಿನಾಕ್ಕೆ ಮುಟ್ಟುವುದು ಇಪ್ಪತ್ತರ ಕಣ್ಣಿಗೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಪಾಲು. ಮೇಲಾಗಿ ಪ್ರಖರ ಬೆಳಕು ಕೋರೈಸುವುದೂ ಅವರಿಗೇ ಹೆಚ್ಚು. ಅಂದರೆ ಅವರಿಗೆ ಬೇಕಾದದ್ದು ಹೆಚ್ಚು ಬೆಳಕು, ಕೆಲಸದ ಮೇಲೆ, ಕಣ್ಣಿನ ಮೇಲಲ್ಲ. ಮೂಡ್ ಲೈಟಿಂಗ್ ಎಂದು ಮನೆಯಿಡೀ ಮಬ್ಬು ಮಾಡುವ ಈಗಿನ ಫ್ಯಾಷನ್ನು ಮನೆಯಲ್ಲಿ ವಯಸ್ಸಾದವರೇ ಇಲ್ಲವೆಂದು ಹೊರಟಿದೆ. ಮುಂಬಯಿಯ ಎಷ್ಟೋ ಮನೆಗಳಲ್ಲಿ ಇಲ್ಲ ಕೂಡ, ಅವರೆಲ್ಲ ಊರಿನಲ್ಲಿದ್ದಾರೆ.

ಸೀಲಿಂಗ್ ಒಡೆಸುವ ತಾಕತ್ತಿರಲಿಲ್ಲ. ಎಲೆಕ್ಟ್ರಿಶಿಯನ್‌ನ ಕರೆಸಿ ಹನ್ನೆರಡನ್ನು ಮೂರು ಸ್ವಿಚ್ಚಿಗೆ ಹಂಚಿಸಿದೆ. ಅಡುಗೆಮನೆಯ ಕಪಾಟಿನ ಕೆಳಗೆ, ಕಟ್ಟೆಗೆ ನೇರವಾಗಿ ಒಂದು ಟ್ಯೂಬು. ಸೋಫಾದ ಪಕ್ಕ ಮೊಣಕಾಲೆತ್ತರದಲ್ಲಿ 2700ರ ಒಂದು ದೀಪ. ಬಚ್ಚಲಿಗೆ ಹೋಗುವ ದಾರಿಯಲ್ಲಿ, ನೆಲದ ಹತ್ತಿರ, ರಾತ್ರಿಗೊಂದು ಪುಟ್ಟದು. ಸಂಜೆ ಹೊತ್ತಾದ ಮೇಲೆ ಮೇಲಿನದನ್ನೆಲ್ಲ ಆರಿಸುತ್ತೇನೆ. ಮೊದಲ ದಿನ ಆಫೀಸಿನಿಂದ ಬಂದ ನಮ್ಮವರು ಬಾಗಿಲಲ್ಲೇ ನಿಂತು “ಕರೆಂಟ್ ಹೋಗಿದ್ಯಾ?” ಅಂದರು.

ಮುಂದಿನ ಡಿಸೆಂಬರಿನಲ್ಲಿ ಅಮ್ಮ ಮತ್ತೆ ಬಂದಳು. ಆರೂಕಾಲರ ಹೊತ್ತಿಗೆ ನಾನು ಮಾಳಿಗೆಯ ದೀಪ ಆರಿಸಿದೆ. ಕಿಟಕಿಯಾಚೆಯ ಗೋಡೆ ಬೂದಿಯಾಗಿತ್ತು. ಅವಳು ತಲೆಯೆತ್ತಿ ನೋಡಿದಳು, ಎದ್ದು ಕೈಕಾಲು ತೊಳೆದು ಬಂದು ದೇವರ ದೀಪ ಹಚ್ಚಿದಳು. ಕೈಮುಗಿದು ತಿರುಗಿದವಳೇ, “ಈಗ ಆ ಟ್ಯೂಬ್ ಹಾಕು, ಅಕ್ಕಿ ಆರಿಸ್ಬೇಕು” ಅಂದಳು.