ಗುಡಿಸಲೆಂಬ ಅಲಂಕಾರ

ವಸತಿಗೃಹವನ್ನು ವಿಮರ್ಶೆ ಮಾಡುವುದುಂಟೆ ಎಂದು ವಾಚಕರು ಕೇಳಬಹುದು. ಊಟ ರುಚಿಯಾಗಿತ್ತೆ, ಹಾಸಿಗೆ ಮೆತ್ತಗಿತ್ತೆ ಎಂದು ಹೇಳಿ ಮುಗಿಸಬಹುದಾದ ವಿಷಯಕ್ಕೆ ಸಾಹಿತ್ಯದ ಪುಟದಲ್ಲಿ ಸ್ಥಳವೇಕೆ? ಆದರೆ ಕೆಲವು ವರ್ಷದ ಕೆಳಗೆ, ಬೇಸಿಗೆಯಲ್ಲಿ, ಕಬಿನಿಯ ಹಿನ್ನೀರಿನ ದಡದ ಮೇಲೆ ನಾನು ಕಳೆದ ಒಂದು ರಾತ್ರಿ ಊಟ ಹಾಸಿಗೆಗಳ ಮಾತಿನಲ್ಲಿ ಮುಗಿಯುವಂಥದಲ್ಲ. ಆ ಮನೆ ತನ್ನನ್ನು ಓದಬೇಕೆಂದೇ ಕೇಳುತ್ತದೆ. ಅಂಗಳದಲ್ಲಿ ಫಲಕ, ಮೇಜಿನ ಮೇಲೆ ಪುಸ್ತಿಕೆ, ಸ್ನಾನದ ಮನೆಯಲ್ಲಿ ಚೀಟಿ, ಎಲ್ಲೆಲ್ಲೂ ಅಕ್ಷರ. ಪ್ರಕೃತಿಯೊಡನೆ ಸಾಮರಸ್ಯ ಎಂಬುದು ಅದರ ಪಲ್ಲವಿ. ಇಷ್ಟೊಂದು ಅಕ್ಷರವನ್ನು ಹೊತ್ತು ನಿಂತದ್ದು ವಿಮರ್ಶೆಗೆ ಹೊರತಾಗುವುದು ಹೇಗೆ? (ಅಕ್ಷರವೆಲ್ಲ ಇಂಗ್ಲಿಷಿನದು. ನಾನು ಕಂಡ ಕನ್ನಡ ಬರಹ ಒಂದೇ: ಹೊರಗೇಟಿನಲ್ಲಿ, ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’.)

ಕರೆದುಕೊಂಡು ಹೋದವನು ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. “ಒಂದು ಸಲ ನೋಡಲೇಬೇಕು, ಸಾರ್. ಕಾಡನ್ನು ಉಳಿಸುವ ಜಾಗ” ಎಂದ. ನಾನು ಬದನವಾಳಿನ ಕಡೆಯವನು. ಅವನು ಕಬಿನಿ ಎನ್ನುವ ಹೊಳೆಯನ್ನೇ ನಾವು ನಂಜನಗೂಡಿನಲ್ಲಿ ಕಪಿಲೆ ಎಂದು ಮಿಂದು ಬೆಳೆದವರು. ಆ ನೀರಿನ ಮೇಲ್ಗಡೆಯ ಸಂಸಾರವನ್ನು ನೋಡೋಣವೆಂದು ಹೊರಟೆ. ಅಲ್ಲಿನ ಎರಡು ರಾತ್ರಿಯ ಬಾಡಿಗೆ ನಮ್ಮ ಅತಿಥಿ ಉಪನ್ಯಾಸಕರ ತಿಂಗಳ ಸಂಬಳವನ್ನು ಮೀರುತ್ತದೆ ಎಂದು ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಹೋಗುತ್ತಿರಲಿಲ್ಲ ಎಂದು ಬರೆಯಲು ಕೈ ಬರುವುದಿಲ್ಲ, ಹೋಗುತ್ತಿದ್ದೆ.

ಕೋಣೆ ಎಂಬ ಮಾತು ಅಲ್ಲಿ ಸಲ್ಲದು, ಅದು ಗುಡಿಸಲು. ಕಾಡುಕುರುಬರ ಹಾಡಿಯನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ್ದು. ಹುಲ್ಲಿನ ಮಾಡು, ಮಣ್ಣಿನ ಬಣ್ಣದ ಗೋಡೆ, ಗೋಡೆಯ ಮೇಲೆ ಬೆರಳಾಡಿಸಿದ ಗೆರೆ. ಒಳಗೆ ಹವಾನಿಯಂತ್ರಣ, ಹಿಂದೆ, ಆ ಗುಡಿಸಲಿಗೇ ಮೀಸಲಾದ ಪುಟ್ಟ ಈಜುಕೊಳ. ಟವೆಲನ್ನು ದಿನವೂ ಒಗೆಯಲು ಹಾಕದಿದ್ದರೆ ನೀರು ಉಳಿಯುತ್ತದೆಂದು ಚೀಟಿ ಬೇಡಿಕೊಳ್ಳುತ್ತಿತ್ತು. ಈಜುಕೊಳವನ್ನು ನೋಡುತ್ತಲೇ ಆ ಚೀಟಿಯನ್ನು ಓದಬಹುದಾಗಿತ್ತು. ಹೋಟೆಲುಗಳ ಇಂಥ ಟವೆಲ್ ಚೀಟಿಯನ್ನು ಕುರಿತು ಬರೆಯುವಾಗಲೇ, 1986ರಲ್ಲಿ, ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ ‘ಗ್ರೀನ್‌ವಾಷಿಂಗ್’ ಎಂಬ ಪದವನ್ನು ಟಂಕಿಸಿದನಂತೆ. ನಮ್ಮ ಮಾತಿನಲ್ಲಿ ಹಸಿರು ಸುಣ್ಣ ಬಳಿಯುವುದು.

ಹಾಗೆಂದು ಎಲ್ಲವನ್ನೂ ಸುಣ್ಣವೆಂದು ತಳ್ಳಿಹಾಕುವುದು ಅನ್ಯಾಯವಾದೀತು. 1980ರಲ್ಲಿ ರಾಜ್ಯಸರ್ಕಾರವೇ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಕಟ್ಟಿತು. ಕಾರಾಪುರದಲ್ಲಿ, ಮೈಸೂರು ಮಹಾರಾಜರ ಬೇಟೆಯ ಬಂಗಲೆಯಿದ್ದ ಕಡೆ, ಅದರ ಮೊದಲ ವಸತಿ ಎದ್ದಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಹಿಂದೆ ತಾನೇ ಬೇಟೆಗಾರನಾಗಿದ್ದವನು. ಬಂದೂಕು ಹಿಡಿದು ಬರುತ್ತಿದ್ದ ವರ್ಗದ ಕೈಗೆ ದುರ್ಬೀನು ಕೊಟ್ಟದ್ದು ಸಣ್ಣ ಕೆಲಸವಲ್ಲ. ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿದಮೇಲೆ ಹರಡಿದ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಬಿಟ್ಟುಹೋದ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಬಂಡೀಪುರ ನಾಗರಹೊಳೆಗಳ ಆನೆಗಳೆಲ್ಲ ಅಲ್ಲಿಗೆ ಇಳಿಯುತ್ತವೆ. ಆ ಸಂಜೆ ದೋಣಿಯಲ್ಲಿ ಕುಳಿತು ನಾನು ಎಣಿಸಲು ಹೊರಟು, ನಲವತ್ತರ ಮೇಲೆ ಲೆಕ್ಕ ತಪ್ಪಿ, ಸುಮ್ಮನಾದೆ. ಮರಿಯೊಂದು ತಾಯಿಯ ಕಾಲುಗಳ ನಡುವೆ ಕೆಸರಾಡುತ್ತಿತ್ತು. ನನ್ನ ವಿದ್ಯಾರ್ಥಿ ಫೋನನ್ನು ಜೇಬಿಗೆ ಹಾಕಿಕೊಂಡುಬಿಟ್ಟ. ಈ ದೃಶ್ಯಕ್ಕೆ ಹಣ ಕೊಡುವವರು ಇದ್ದಾರೆಂಬುದೂ ಆನೆಗೆ ಒಂದು ಕಾವಲು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು.

ಕ್ಷೇಮೇಂದ್ರ ಔಚಿತ್ಯವನ್ನು ಕುರಿತು ಹೇಳುವಾಗ ಡಾಬನ್ನು ಕೊರಳಿಗೆ ಹಾಕಿಕೊಂಡವರ ನಿದರ್ಶನ ಕೊಡುತ್ತಾನೆ. ಒಡವೆ ಚೆನ್ನಾಗಿಯೇ ಇದೆ. ಜಾಗ ತಪ್ಪಿದೆ, ಅಷ್ಟೆ. ಗುಡಿಸಲಿನ ವಿಷಯದಲ್ಲಿಯೂ ಹಾಗೆಯೇ ಎಂದು ನಾನು ಮೊದಲು ಅಂದುಕೊಂಡೆ. ರಾತ್ರಿ ಬೆಂಕಿಯ ಬಳಿ ಊಟ ತಂದಿಟ್ಟ ಹುಡುಗನನ್ನು ಮಾತನಾಡಿಸಿದಮೇಲೆ ಸಂಗತಿ ಅಷ್ಟು ಸರಳವಲ್ಲವೆನಿಸಿತು. ಜೇನುಕುರುಬರವನು. ಹಾಡಿ ಯಾವುದಪ್ಪ ಎಂದೆ. ಗದ್ದವನ್ನು ನೀರಿನ ಆಚೆಗೆ ಎತ್ತಿ, “ತಾತಂದು ಆ ಕಡೆ ಇತ್ತು ಸಾ. ನಾವು ಈಗ ಕಾಲೊನಿ” ಎಂದ. ಮನೆ?

“ಶೀಟಿಂದು.”

“ಹುಲ್ಲು ಹಾಕೋದಿಲ್ವೆ?”

“ಹುಲ್ಲು ಕುಯ್ಯಕ್ಕೆ ಒಳಿಕ್ಕೆ ಬಿಡಲ್ಲ ಸಾ.”

ಎಂದಮೇಲೆ ಇದು ಜಾಗ ತಪ್ಪಿದ ಒಡವೆಯಲ್ಲ. ಒಬ್ಬರ ಮೈಮೇಲಿಂದ ತೆಗೆದು ಇನ್ನೊಬ್ಬರಿಗೆ ತೊಡಿಸಿದ ಒಡವೆ. ಹುಲ್ಲಿನ ಮಾಡಿನ ಕೆಳಗೆ ನಾನು ಮಲಗಿದ್ದೆ. ಆ ಮಾಡನ್ನು ಕಲ್ಪಿಸಿದ ಕುಲದ ಹುಡುಗ ತಗಡಿನ ಕೆಳಗೆ ಮಲಗಲು ಹೊರಟ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿದವರಿಗೆ, 1977ರಲ್ಲಿ ಸಿ. ಆರ್. ಸಿಂಹ ಅವರು ಮಾಡಿದ ಚಿತ್ರವನ್ನು ನೋಡಿದವರಿಗೆ, ಈ ಕಾಡು ಯಾರದೆಂದು ಹೇಳಬೇಕಾಗಿಲ್ಲ. ಆ ನಾಟಕದಲ್ಲಿ ಕಾಡಿನ ಜನ ಹಿನ್ನೆಲೆಯ ಪರದೆಯಲ್ಲ, ಪಾತ್ರಗಳು. ಅರಸನಿಗೆ ಎದುರು ನಿಂತು ಮಾತನಾಡುತ್ತಾರೆ. ಆ ಕಾಕನಕೋಟೆಯ ಕಾಡಿನ ಒಂದು ಪಾಲು ಇಂದು ಇದೇ ಹಿನ್ನೀರಿನ ಕೆಳಗಿದೆ. ವಸತಿಗೃಹದ ಪುಸ್ತಿಕೆಯಲ್ಲೂ ಕುರುಬರಿದ್ದಾರೆ, ಮಾತನಾಡುವುದಿಲ್ಲ, ಕುಣಿಯುತ್ತಾರೆ.

ಕಾನೂನಿನ ಪುಟಗಳಲ್ಲಿ ಇದೇ ಕತೆ ಬೇರೆ ಶೈಲಿಯಲ್ಲಿದೆ. ನಾಗರಹೊಳೆಯ ಒಳಗೆ, ಮೂರ್ಕಲ್ಲಿನಲ್ಲಿ, ತಾಜ್ ಸಮೂಹದ ಹೋಟೆಲ್ ಸಂಸ್ಥೆಗೆ ವಸತಿಗೃಹ ನಡೆಸಲು ಸರ್ಕಾರ ಗುತ್ತಿಗೆ ಕೊಟ್ಟಿತ್ತು. ಆದಿವಾಸಿಗಳು ಚಳವಳಿ ಹೂಡಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಉಚ್ಚ ನ್ಯಾಯಾಲಯ ಆ ಗುತ್ತಿಗೆ ಅರಣ್ಯ ಕಾಯಿದೆಗೆ ವಿರುದ್ಧವೆಂದಿತು. ಹೋಟೆಲು ಹೋಯಿತು. ಆದರೆ ಹಾಡಿಗಳನ್ನು ಹೊರಗೆ ಸಾಗಿಸುವ ಕೆಲಸ ನಿಲ್ಲಲಿಲ್ಲ. 2025ರ ಮೇ ತಿಂಗಳಲ್ಲಿ ಹಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿಗೆ ಮರಳಿ, ತಮ್ಮ ಹಿರಿಯರ ನೆಲವೆಂದು ಗುಡಿಸಲು ಹಾಕಿದವು. ಅರಣ್ಯ ಇಲಾಖೆ ಅದನ್ನು ಒಪ್ಪಲಿಲ್ಲ. ಒಂದೇ ಆಕಾರದ ಎರಡು ಗುಡಿಸಲು: ಕಾಡಿನ ಅಂಚಿನದು ಪ್ರಶಸ್ತಿಗೆ ಪಾತ್ರ, ಕಾಡಿನೊಳಗಿನದು ಅತಿಕ್ರಮಣ. ಅದೇ ವರ್ಷ ನವೆಂಬರಿನಲ್ಲಿ, ಸರಗೂರಿನ ಕಡೆ ಹುಲಿಗೆ ರೈತರು ಬಲಿಯಾದಮೇಲೆ, ಬಂಡೀಪುರ ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ಸಫಾರಿಯ ಗದ್ದಲವೇ ಹುಲಿಯನ್ನು ಹೊಲಕ್ಕೆ ಅಟ್ಟುತ್ತಿದೆಯೆಂದು ರೈತರು ದೂರಿದ್ದರು. ಅದು ಎಷ್ಟು ನಿಜವೋ ವನ್ಯಜೀವಿ ಶಾಸ್ತ್ರಜ್ಞರು ಹೇಳಲಿ. ಆ ಸಿಟ್ಟು ಮಾತ್ರ ನನಗೆ ಅರ್ಥವಾಗುತ್ತದೆ. ಹುಲಿಯನ್ನು ನೋಡಿ ಹೋಗುವವರು ಒಬ್ಬರು, ಹುಲಿಯೊಡನೆ ಇರಬೇಕಾದವರು ಇನ್ನೊಬ್ಬರು.

‘ಸುಸ್ಥಿರ’ ಎಂಬ ಪದ ಆ ಪುಸ್ತಿಕೆಯಲ್ಲಿ ಪುಟಪುಟಕ್ಕೂ ಬಂದಾಗ ನನಗೆ ನಮ್ಮ ಬದನವಾಳು ನೆನಪಾಗದೆ ಇರಲಿಲ್ಲ. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಅಲ್ಲಿದೆ. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಅದೇ ಅಂಗಳದಲ್ಲಿ ಸುಸ್ಥಿರ ಬದುಕಿನ ಸಮಾವೇಶ ಕೂಡಿಸಿದರು. ಹೆಂಚು ಜಾರಿದ ಕಟ್ಟಡ, ಕೂತು ನೂಲುವ ಹೆಂಗಸರು. ಅಲ್ಲಿ ಆ ಪದಕ್ಕೆ ಸರಳವಾದ ಅರ್ಥವಿತ್ತು: ನಾಳೆಯೂ ಮಾಡಬಹುದಾದ ಕೆಲಸ, ಪಕ್ಕದವನೂ ಮಾಡಬಹುದಾದ ಕೆಲಸ. ಕಬಿನಿಯ ದಡದಲ್ಲಿ ಅದು ಒಂದು ರಾತ್ರಿಗೆ, ಇಬ್ಬರಿಗೆ, ತೆರಿಗೆ ಪ್ರತ್ಯೇಕ. ಆದರೆ ನಮ್ಮೂರನ್ನು ನಾನು ಚಿತ್ರಪಟವಾಗಿಸಿ ತೂಗುಹಾಕಿದರೆ ಆ ಪುಸ್ತಿಕೆ ಬರೆದವರಿಗೂ ನನಗೂ ವ್ಯತ್ಯಾಸವುಳಿಯುವುದಿಲ್ಲ. ಇದೇ ಬದನವಾಳಿನಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, 1993ರ ಮಾರ್ಚಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಸರಳ ಬದುಕಿನ ಊರೂ ಯಾರನ್ನು ಹೊರಗಿಟ್ಟಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ವಸತಿಗೃಹಕ್ಕೆ ನಾನು ಹಾಕುತ್ತಿರುವುದೂ ಅದೇ ಪ್ರಶ್ನೆ. ಬೇರೆ ಅಳತೆಗೋಲು ನನ್ನ ಬಳಿಯಿಲ್ಲ.

ಬೆಳಗ್ಗೆ ಹೊರಡುವಾಗ ಅತಿಥಿಗಳ ಅಭಿಪ್ರಾಯದ ಪುಸ್ತಕವನ್ನು ಮುಂದಿಟ್ಟರು. ಆನೆಗಳ ವಿಷಯ ಎರಡು ಸಾಲು ಮನಸಾರೆ ಬರೆದು, ಕೆಳಗೆ, ‘ಮಾಡಿನ ಹುಲ್ಲನ್ನು ಎಲ್ಲಿಂದ ತರಿಸುತ್ತೀರಿ?’ ಎಂದು ಸೇರಿಸಿದೆ. ಕೌಂಟರಿನ ಹುಡುಗಿ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಕನ್ನಡ ಓದಲು ಬಾರದೆಂದು ನಕ್ಕು, “ಥ್ಯಾಂಕ್ಯೂ ಸರ್” ಎಂದಳು. ನನ್ನ ವಿದ್ಯಾರ್ಥಿ ಓದಿದ. ನಂಜನಗೂಡು ದಾಟುವವರೆಗೂ ಅವನು ಮಾತನಾಡಲಿಲ್ಲ.