ಷಾರ್ಲಟ್‌ಳ ಗಂಡನೆಲ್ಲಿ?

ಅಮೆರಿಕದ ಲೇಖಕ ಇ. ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’ (1952) ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳ ಕೈಗೆ ಒಂದಲ್ಲ ಒಂದು ದಿನ ಬರುವ ಪುಸ್ತಕ. ಕಟುಕನ ಪಾಲಾಗಲಿದ್ದ ವಿಲ್ಬರ್ ಎಂಬ ಹಂದಿಮರಿಯನ್ನು ಷಾರ್ಲಟ್ ಎಂಬ ಜೇಡ ತನ್ನ ಬಲೆಯಲ್ಲಿ ಅಕ್ಷರ ನೇಯ್ದು ಉಳಿಸುವ ಕಥೆ ಇದು. ಓದಿ ಮುಗಿಸಿದಾಗ ನನ್ನ ಮೊಮ್ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಾ, ಇಷ್ಟೊಂದು ಮರಿಗಳ ಅಪ್ಪ ಎಲ್ಲಿ?” ಈ ಪ್ರಶ್ನೆಯಲ್ಲಿ ಒಳ್ಳೆಯ ವಿಮರ್ಶೆಯೇ ಅಡಗಿದೆ.

ಮೊದಲು ಪುಸ್ತಕದ ಹಿರಿಮೆ ಹೇಳಬೇಕು. ವೈಟ್ ಅವರದು ಬರಿಯ ಕಲ್ಪನೆಯಲ್ಲ. ಮೇನ್ ರಾಜ್ಯದ ತಮ್ಮ ಕೊಟ್ಟಿಗೆಯಲ್ಲಿ ಜೇಡವನ್ನು ಕಣ್ಣಾರೆ ಕಂಡವರು. ಅದರ ಮೊಟ್ಟೆಚೀಲವನ್ನು ನ್ಯೂಯಾರ್ಕಿನ ಮನೆಗೆ ಒಯ್ದು ಮರಿಗಳು ಹೊರಬರುವುದನ್ನು ನೋಡಿದವರು. ತಜ್ಞರ ಗ್ರಂಥಗಳನ್ನು ಓದಿದವರು. ಆದ್ದರಿಂದಲೇ ಷಾರ್ಲಟ್ 514 ಮೊಟ್ಟೆಗಳ ಚೀಲ ಕಟ್ಟಿ, ಮರಿಗಳ ಮುಖ ಕಾಣದೆ, ಜಾತ್ರೆಯ ಬಯಲಿನಲ್ಲಿ ಒಬ್ಬಳೇ ಸಾಯುತ್ತಾಳೆ. ವಸಂತದಲ್ಲಿ ಮರಿಗಳು ಎಳೆ ಬಿಟ್ಟು ಗಾಳಿಯಲ್ಲಿ ತೇಲಿಹೋಗುತ್ತವೆ. ಮೂರು ಮಾತ್ರ ಕೊಟ್ಟಿಗೆಯಲ್ಲಿ ಉಳಿಯುತ್ತವೆ. ಮಕ್ಕಳ ಕಥೆಯೆಂದು ಸಾವಿಗೆ ಸಕ್ಕರೆ ಲೇಪಿಸದ ಧೈರ್ಯ ಮೆಚ್ಚತಕ್ಕದ್ದು.

ಸಾವನ್ನು ಹೇಳಿದ ಲೇಖಕರು ಮಿಲನವನ್ನು ಮಾತ್ರ ಬಿಟ್ಟಿದ್ದಾರೆ. ಗಂಡು ಜೇಡ ಪಾತ್ರವಾಗಿ ಬರುವುದೇ ಇಲ್ಲ. ನಿಜಜೀವನದಲ್ಲಿ ಅದರ ಪಾಡು ಸಾಮಾನ್ಯವಲ್ಲ. ಗಂಡು ಪುಟ್ಟ ಬಲೆಯೊಂದನ್ನು ನೇಯ್ದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಬಾಯಿಯ ಪಕ್ಕದ ಎರಡು ಕಿರುಗೈಗಳಲ್ಲಿ ಅದನ್ನು ತುಂಬಿಕೊಂಡು ಹೆಣ್ಣನ್ನು ಹುಡುಕಿ ಹೊರಡುತ್ತದೆ. ಹೆಣ್ಣಿನ ಬಲೆ ಸಿಕ್ಕಿದರೆ ಅಂಚಿನಲ್ಲಿ ನಿಂತು ಎಳೆಯನ್ನು ಮೀಟುತ್ತದೆ. ಇದು ನೊಣದ ಒದ್ದಾಟವಲ್ಲ, ವರನ ಕರೆ ಎಂದು ಹೆಣ್ಣಿಗೆ ತಿಳಿಯಬೇಕು. ತಿಳಿಯದಿದ್ದರೆ ಬಂದವನೇ ಊಟವಾದಾನು! ಕೂಡಿದ ಮೇಲೆ ಹೆಣ್ಣು ಆ ವೀರ್ಯವನ್ನು ದೇಹದಲ್ಲಿ ಕಾಪಿಟ್ಟು, ಮೊಟ್ಟೆಯಿಡುವಾಗ ಬಳಸಿಕೊಳ್ಳುತ್ತದೆ.

ನನ್ನ ಆಕ್ಷೇಪಣೆ ಇಲ್ಲಿದೆ. ಬಲೆಯ ಮೂಲಕ ಸಂದೇಶ ಕೊಡುವುದೇ ಈ ಕಥೆಯ ಜೀವಾಳ. ಪ್ರಕೃತಿಯಲ್ಲಿ ಹಾಗೆ ಸಂದೇಶ ಕೊಡುವವನು ಈ ಗಂಡು, ಅವನೇ ಕಥೆಯಲ್ಲಿಲ್ಲ. ಇದು ಗೆಳೆತನದ ಕಥೆ, ದಾಂಪತ್ಯದ್ದಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೂ ತನ್ನ ಬಂಧುಗಳ ಕಥೆಯನ್ನು ವಿಲ್ಬರ್‌ಗೆ ಸೊಗಸಾಗಿ ಹೇಳುವ ಷಾರ್ಲಟ್, ಒಮ್ಮೆ ಎಳೆ ಮೀಟಿ ಬಂದವನ ನೆನಪನ್ನೂ ಒಂದು ಮಾತಿನಲ್ಲಿ ಹೇಳಬಹುದಿತ್ತು.

ಮಕ್ಕಳು ಕೇಳಿದರೆ “ಹೆಂಡತಿ ತಿಂದುಬಿಟ್ಟಳು” ಎಂದು ನಕ್ಕು ಜಾರಿಕೊಳ್ಳಬೇಡಿ. ಕೆಲವು ಜಾತಿಗಳಲ್ಲಿ, ಕೆಲವು ಸಲ ಅದು ನಿಜ. ಆದರೆ ತಪ್ಪಿಸಿಕೊಂಡು ಹೋಗುವ ಗಂಡುಗಳೂ ಬೇಕಾದಷ್ಟಿವೆ. ಪುಸ್ತಕವನ್ನು ಮಕ್ಕಳೊಡನೆ ಓದಿ. ಊರಿಗೆ ಹೋದಾಗ ಮಲೆನಾಡಿನ ಕಾಡಂಚಿನಲ್ಲಿ ಅಂಗೈಯಗಲದ ಹೆಣ್ಣು ಜೇಡದ ಬಲೆ ಕಂಡರೆ ನಿಲ್ಲಿ. ಹೆಸರುಕಾಳಿನಷ್ಟು ಪುಟ್ಟ ಗಂಡೊಂದು ಬಲೆಯಲ್ಲೇ ಎಲ್ಲಾದರೂ ಕಾದು ಕುಳಿತಿದ್ದೀತು. ವೈಟ್ ಬರೆಯದೆ ಬಿಟ್ಟ ಪುಟವನ್ನು ಅಲ್ಲಿ ತೋರಿಸಬಹುದು.