ಮರದ ಮಾರುತ ಹೇಳಿದ್ದು, ಹೇಳದ್ದು

1959ರಲ್ಲಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಒಂದು ಡಕೋಟಾ ವಿಮಾನ ತನ್ನ ಹಿಂದೆ ಇನ್ನೊಂದು ವಿಮಾನವನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೇರಿತು. ಹಿಂದಿನದು ಮರದ್ದು. ಅದಕ್ಕೆ ಎಂಜಿನ್ ಇರಲಿಲ್ಲ. ಆದರೆ ರೆಕ್ಕೆಯ ಉದ್ದ, ಅದರ ಬಾಗು, ಬಾಲದ ಅಳತೆ, ಒಳಕ್ಕೆ ಮಡಚಿಕೊಳ್ಳುವ ಚಕ್ರ ಎಲ್ಲವೂ ಮುಂದೆ ಲೋಹದಲ್ಲಿ ಬರಲಿದ್ದ ಜೆಟ್ ಯುದ್ಧವಿಮಾನದ್ದೇ. ಸಾಕಷ್ಟು ಎತ್ತರ ಮುಟ್ಟಿದ ಮೇಲೆ ಹಗ್ಗ ಬಿಡುತ್ತಿದ್ದರು. ಅಲ್ಲಿಂದ ಇಳಿಯುವವರೆಗೂ ಪೈಲಟ್ ಉಂಟು, ಗಾಳಿ ಉಂಟು. ಎಕ್ಸ್-241 ಎಂಬ ಈ ಗ್ಲೈಡರ್, ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತದ ಪೂರ್ಣ ಗಾತ್ರದ ಮಾದರಿ.

ಮಾರುತದ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳುತ್ತೇವೆ. ಒಂದು, ಕಾಲಕ್ಕಿಂತ ಮುಂದಿದ್ದ ಸಾಹಸ ಎಂಬ ಹೆಮ್ಮೆ. ಇನ್ನೊಂದು, ಶಕ್ತಿ ಸಾಲದೆ ಸೋತ ಯಂತ್ರ ಎಂಬ ಹಳಹಳಿ. ಎರಡೂ ವಿಮಾನವನ್ನು ನೋಡುತ್ತವೆ, ಅದನ್ನು ಕಟ್ಟಿದ ಕ್ರಮವನ್ನು ನೋಡುವುದಿಲ್ಲ. ಆ ಕ್ರಮವನ್ನು ಒರೆಗೆ ಹಚ್ಚಲು ಮರದ ಮಾರುತವೇ ಸರಿಯಾದ ಕಲ್ಲು.

ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ವಿಮಾನ ಕಾರ್ಖಾನೆಯಾದ ಎಚ್‌ಎಎಲ್‌ಗೆ ಬಂದರು. ವಾಯುಪಡೆ ಕೇಳಿದ್ದು ಶಬ್ದದ ಎರಡರಷ್ಟು ವೇಗ ಮುಟ್ಟಬಲ್ಲ ವಿಮಾನ. ಅಂಥದ್ದನ್ನು ಮಾಡಿದ ಅನುಭವ ಇಲ್ಲಿ ಯಾರಿಗೂ ಇರಲಿಲ್ಲ. ಹಾಗಿರುವಾಗ ಲೋಹ ಕತ್ತರಿಸುವ ಮೊದಲು ಮರದಲ್ಲಿ ಮಾಡಿ ನೋಡುವುದು ಜಾಣ ಹೆಜ್ಜೆ. ವಿಂಡ್ ಟನಲ್‌ನಲ್ಲಿ ಪುಟ್ಟ ಮಾದರಿ ಇಟ್ಟು ಗಾಳಿ ಹಾಯಿಸಿದರೆ ಸಾಲದೇ ಎಂದು ಕೇಳಬಹುದು. ಮಾದರಿಯನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲು ಬರುವುದಿಲ್ಲ. ಗೇಣುದ್ದದ ರೆಕ್ಕೆಯ ಮೇಲೆ ಗಾಳಿ ಹರಿಯುವ ರೀತಿಯೇ ಬೇರೆ, ನಿಜ ಗಾತ್ರದ ರೆಕ್ಕೆಯ ಮೇಲೆ ಹರಿಯುವ ರೀತಿಯೇ ಬೇರೆ. ಜೊತೆಗೆ, ಇಳಿಯುವಾಗ ವಿಮಾನ ಪೈಲಟ್‌ನ ಕೈಗೆ ಹೇಗೆ ಸಿಗುತ್ತದೆ, ಕಡಿಮೆ ವೇಗದಲ್ಲಿ ಮೂಗು ಎತ್ತಿದರೆ ಎತ್ತ ವಾಲುತ್ತದೆ ಎಂಬುದನ್ನು ಯಾವ ಟನಲ್ಲೂ ಪೂರ್ತಿ ಹೇಳಲಾರದು. ಒಳಗೆ ಕೂತ ಮನುಷ್ಯನೇ ಹೇಳಬೇಕು.

ಕಪಿಲ್ ಭಾರ್ಗವ ಅವರಂಥ ಪರೀಕ್ಷಾ ಪೈಲಟ್‌ಗಳು ಕೂತು ಹೇಳಿದರು. ಎಕ್ಸ್-241 ಹತ್ತಾರು ಬಾರಿ ಹಾರಿತು. ಕೊನೆಗೆ ಮೂಗಿನ ಚಕ್ರ ಹೊರಬರದೆ ಇಳಿಯುವಾಗ ಪೆಟ್ಟು ತಿಂದಿತು. ಅಷ್ಟರಲ್ಲಿ ಅದರ ಕೆಲಸ ಮುಗಿದಿತ್ತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಲೋಹದ ಮಾರುತವನ್ನು ಮೊದಲ ಸಲ ಹಾರಿಸಿದಾಗ ಅದರ ರೆಕ್ಕೆ, ಬಾಲಗಳ ನಡವಳಿಕೆ ತಂಡಕ್ಕೆ ಅಪರಿಚಿತವಾಗಿರಲಿಲ್ಲ. ಹಾರಿಸಲು ಹಿತವಾದ ವಿಮಾನ ಎಂಬ ಮಾತು ಮಾರುತಕ್ಕೆ ಕೊನೆಯವರೆಗೂ ಉಳಿಯಿತು. ಅದರಲ್ಲಿ ಮರದ ಅಣ್ಣನ ಪಾಲು ದೊಡ್ಡದು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಸಾರಿಗೆ ಉಪ್ಪು ಬಿದ್ದಿದೆಯೇ ಎಂದು ಆ ಅಗುಳು ಹೇಳುವುದಿಲ್ಲ. ಮಾರುತದ ಕಥೆ ಇಲ್ಲೇ ಕವಲೊಡೆಯುವುದು.

ವಿಮಾನದ ಮೈ ರೂಪುಗೊಂಡದ್ದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಬಿಓಆರ್-12 ಎಂಬ ಎಂಜಿನ್ ಜೋಡಿಯನ್ನು ನೆಚ್ಚಿಕೊಂಡು. ಆಫ್ಟರ್‌ಬರ್ನರ್ ಎಂಬ, ಹೆಚ್ಚು ಇಂಧನ ಉರಿಸಿ ಬಲ ಏರಿಸುವ ಭಾಗವನ್ನು ಹೊತ್ತಿಸಿದರೆ ಒಂದೊಂದೂ ಸುಮಾರು 3,700 ಕಿಲೋ ನೂಕುಬಲ ಕೊಡಬೇಕಿತ್ತು. ಆ ಎಂಜಿನ್ ಇನ್ನೂ ಅಭಿವೃದ್ಧಿಯ ಹಂತದಲ್ಲೇ ಇತ್ತು. ಬ್ರಿಟನ್ ಕೈಬಿಟ್ಟಿತು, ಮುಂದಿನ ಖರ್ಚು ಹೊರಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ಕೊನೆಗೆ ಸಿಕ್ಕಿದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703, ಒಂದೊಂದಕ್ಕೆ ಸುಮಾರು 2,200 ಕಿಲೋ. ಶಬ್ದದ ಎರಡರಷ್ಟು ವೇಗಕ್ಕೆ ಹೊಲಿದ ಅಂಗಿಯನ್ನು ಶಬ್ದವೇಗವನ್ನೇ ಕಷ್ಟಪಟ್ಟು ಮುಟ್ಟುವ ವಿಮಾನ ತೊಟ್ಟಿತು.

ಇದಕ್ಕೆ ಗ್ಲೈಡರನ್ನು ದೂರುವಂತಿಲ್ಲ. ಎಂಜಿನ್ ಇಲ್ಲದ ಮಾದರಿ ಎಂಜಿನ್ ಬಗ್ಗೆ ಮಾತಾಡೀತು ಹೇಗೆ? ದೂರಬೇಕಾದದ್ದು ಒಂದು ಪ್ರಶ್ನೆಗೆ ಹತ್ತಾರು ಸಲ ಹಾರಿ ಉತ್ತರ ಪಡೆದು, ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಪರದೇಶದ ಕಂಪನಿಯೊಂದರ ಭರವಸೆಗೆ ಬಿಟ್ಟ ಯೋಜನೆಯನ್ನು. ಶಬ್ದವೇಗವನ್ನೂ ಮೀರಿದ ಗಾಳಿಯಲ್ಲಿ ವಿನ್ಯಾಸವನ್ನು ಪರೀಕ್ಷಿಸುವ ಸಾಧನವೂ ಹೊತ್ತಿಗೆ ಒದಗಲಿಲ್ಲ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1.2 ಮೀಟರ್ ಟ್ರೈಸಾನಿಕ್ ವಿಂಡ್ ಟನಲ್ ಶುರುವಾದದ್ದು 1967ರಲ್ಲಿ. ಮಾರುತ ವಾಯುಪಡೆಯ 10ನೇ ಸ್ಕ್ವಾಡ್ರನ್ ಸೇರಿದ್ದೂ ಅದೇ ವರ್ಷ. ಹಸೆಮಣೆ ಏರಿದ ಮೇಲೆ ಜಾತಕ ನೋಡಿದಂತೆ. ನಾಲ್ಕು ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದಾಗ ಏಳುತ್ತಿದ್ದ ಕಂಪನವೂ ಸೇವೆಗೆ ಸೇರಿದ ಮೇಲೆ ಕಾಡಿತು.

ಆಮೇಲಿನ ತಿದ್ದುಪಡಿಗಳು ದುಬಾರಿಯಾದವು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ ಕೂರಿಸಿ ಒಂದು ಮಾರುತವನ್ನು ಅಲ್ಲೇ ಹಾರಿಸಿ ನೋಡಿದರು, ಫಲ ಸಿಗಲಿಲ್ಲ. ಇದ್ದ ಎಂಜಿನ್ನಿಗೇ ಆಫ್ಟರ್‌ಬರ್ನರ್ ಸೇರಿಸಿದ ಪ್ರೋಟೋಟೈಪ್ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ನೆಲಬಿಟ್ಟ ಕೂಡಲೇ ಬಿತ್ತು. ಅದರಲ್ಲಿ ಸುರಂಜನ್ ದಾಸ್ ತೀರಿಕೊಂಡರು. ಇಂದು ಎಚ್‌ಎಎಲ್ ಪಕ್ಕದ ಸುರಂಜನ್ ದಾಸ್ ರಸ್ತೆಯಲ್ಲಿ ಸಿಗ್ನಲ್‌ಗೆ ಕಾಯುತ್ತ ನಿಂತವರಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದ್ದೆಂದು ಗೊತ್ತು?

ಇಷ್ಟಾದರೂ ಮಾರುತ ಕೆಲಸಕ್ಕೆ ಬಾರದ್ದಾಗಲಿಲ್ಲ. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿತು. ಆಕಾಶದ ಕಾದಾಟದಲ್ಲಿ ಒಂದು ಮಾರುತವೂ ಬೀಳಲಿಲ್ಲ. ತಗ್ಗಿನಲ್ಲಿ ಸ್ಥಿರವಾಗಿ ಹಾರುವ ಗುಣ ಅಲ್ಲಿ ಕೈಹಿಡಿಯಿತು. ಅಂದರೆ ಪರೀಕ್ಷಿಸಿದ ಭಾಗ ಕಾಪಾಡಿತು, ಪರೀಕ್ಷಿಸದ ಭಾಗ ಕೈಕೊಟ್ಟಿತು.

ಪಾಠ ವ್ಯರ್ಥವಾಗಲಿಲ್ಲ ಎನ್ನಲು ಮುಂದೆ ಇಲ್ಲೇ ರೂಪುಗೊಂಡ ಲಘು ಯುದ್ಧವಿಮಾನ ತೇಜಸ್ ಇದೆ. ಅಲ್ಲಿ ಮೊದಲು ಕಟ್ಟಿದ್ದು ಯುದ್ಧಕ್ಕೆ ಹೋಗುವ ವಿಮಾನವನ್ನಲ್ಲ, ತಂತ್ರಜ್ಞಾನ ನಡೆಯುತ್ತದೆಯೇ ಎಂದು ತೋರಿಸುವ ಎರಡು ವಿಮಾನಗಳನ್ನು. ಹಾರಾಟ ನಿಯಂತ್ರಿಸುವ ಲೆಕ್ಕಾಚಾರವನ್ನು ಮೊದಲೇ ಅಮೆರಿಕದ ಒಂದು ಎಫ್-16ರಲ್ಲಿ ಹಾಕಿ ನೋಡಿದ್ದರು. ನಮ್ಮದೇ ಕಾವೇರಿ ಎಂಜಿನ್ ಸಿದ್ಧವಾಗಲಿ ಎಂದು ಕೂರದೆ, ಪಳಗಿದ ಜಿಇ ಎಫ್-404 ಕೂರಿಸಿ 2001ರ ಜನವರಿ 4ರಂದು ಹಾರಿಸಿದರು. ತೇಜಸ್ ವಾಯುಪಡೆಗೆ ಬರಲು ವರ್ಷಗಳೇ ಹಿಡಿದವು, ಅದರ ಟೀಕೆ ಬೇರೆಯೇ ಇದೆ. ಆದರೆ ಇಲ್ಲದ ಎಂಜಿನ್ನಿಗೆ ಮೈ ಕಟ್ಟಿದ ಹಳೆಯ ತಪ್ಪು ಮರುಕಳಿಸಲಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟೇ: ಮಾದರಿ ಎಷ್ಟು ಚೆನ್ನಾಗಿದೆ ಎಂದು ಕೇಳುವುದಕ್ಕಿಂತ ಅದು ಯಾವ ಪ್ರಶ್ನೆಗೆ ಉತ್ತರಿಸಲಾರದು ಎಂದು ಕೇಳುವುದು ಮುಖ್ಯ. ಎಕ್ಸ್-241ಗೆ ನೂರಕ್ಕೆ ನೂರು ಅಂಕ. ಅದರ ಯಶಸ್ಸನ್ನೇ ಇಡೀ ಯೋಜನೆಯ ಯಶಸ್ಸೆಂದು ನಂಬಿದವರಿಗೆ ಅರ್ಧ.

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತವನ್ನು ನಿಲ್ಲಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಫೋಟೋ ತೆಗೆದು ಹೊರಡಬೇಡಿ. ಎರಡೂ ಪಕ್ಕದ ಗಾಳಿಬಾಯಿಗಳನ್ನು ಹತ್ತಿರದಿಂದ ನೋಡಿ. ಒಳಗೆ ಅರ್ಧ ಶಂಕುವಿನಾಕಾರದ ಒಂದೊಂದು ಉಬ್ಬು ಕಾಣುತ್ತದೆ. ಶಬ್ದಕ್ಕಿಂತ ಬಹಳ ವೇಗವಾಗಿ ನುಗ್ಗಿಬರುವ ಗಾಳಿಯನ್ನು ಪಳಗಿಸಲು ಇಟ್ಟದ್ದು ಅದು. ಅಂಥ ಗಾಳಿ ಅಲ್ಲಿಗೆ ಬರಲೇ ಇಲ್ಲ.